ಇಂದೂರಿನ ಏಳು ಸೋಮವಾರ

ಹಳಿಯಾಳದ ಬಸಲಿಂಗಯ್ಯ ಸಾಹುಕಾರರ ಪಶು ಆಹಾರ ಕಾರ್ಖಾನೆಯಲ್ಲಿ ಶಿವಗಂಗಾಳ ಬಾಯಿಗೆ ಹೆದರದವರು ಯಾರೂ ಇರಲಿಲ್ಲ. ಲಾರಿ ಚಾಲಕರು ಅವಳ ಕೋಣೆಯ ಮುಂದೆ ಹಾಯುವಾಗ ದನಿ ತಗ್ಗಿಸುತ್ತಿದ್ದರು. ಸಾಹುಕಾರರೇ ಏನಾದರೂ ಕೇಳಬೇಕಾದರೆ ಬಾಗಿಲಲ್ಲಿ ಎರಡು ಸಲ ಕೆಮ್ಮಿ ಆಮೇಲೆ ಒಳಗೆ ಕಾಲಿಡುತ್ತಿದ್ದರು. ಕೆಟ್ಟವಳೇನಲ್ಲ ಬಿಡಿ. ಆದರೆ ತಪ್ಪು ಕಂಡರೆ ಅವಳ ಮೈ ಉರಿಯುತ್ತಿತ್ತು, ಉರಿದದ್ದನ್ನು ಒಳಗೇ ಇಟ್ಟುಕೊಳ್ಳುವ ಅಭ್ಯಾಸ ಅವಳಿಗಿರಲಿಲ್ಲ. ವಯಸ್ಸು ಮೂವತ್ತೊಂಬತ್ತು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರು ಎರಡನೇ ಸಲ ಕೇಳಲಿಲ್ಲ.

ಕಾರ್ಖಾನೆಗೆ ಗೋವಿನಜೋಳ ನಾಲ್ಕು ಖರೀದಿ ಅಂಗಳಗಳಿಂದ ಬರುತ್ತದೆ: ಹಳಿಯಾಳ, ಜೋಯಿಡಾ, ಮುಂಡಗೋಡ, ಅದರ ಹತ್ತಿರದ ಹಳ್ಳಿ ಇಂದೂರು. ಪ್ರತಿ ಅಂಗಳದಲ್ಲಿ ಚೀಲ ತೂಗುವ ಒಂದು ಕಾಟಾ, ಅದಕ್ಕೆ ಜೋಡಿಸಿದ ಕಂಪ್ಯೂಟರು, ಅದರ ಮುಂದೆ ಒಬ್ಬ ಗುಮಾಸ್ತ. ಸಂಜೆ ಗುಮಾಸ್ತ ಒಂದು ಗುಂಡಿ ಒತ್ತಿದರೆ ಅಂದು ಬಂದ ಚೀಲಗಳ ಪಟ್ಟಿ ಫೈಲಾಗಿ ಹಳಿಯಾಳಕ್ಕೆ ಬರುತ್ತದೆ. ಬರುವುದು ಹೇಗೆ ಅಂತೀರಿ? ಒಬ್ಬ ಮೊದಲು ತಾರೀಖು ಬರೆದರೆ ಇನ್ನೊಬ್ಬ ಮೊದಲು ತಿಂಗಳು ಬರೆಯುತ್ತಾನೆ. ಒಬ್ಬನದು ಕಿಲೋ, ಇನ್ನೊಬ್ಬನದು ಕ್ವಿಂಟಲ್. ಜೋಯಿಡಾದವನು ರೈತನ ಹೆಸರಿನ ಕಡೆ ಊರನ್ನೂ ಊರಿನ ಕಡೆ ಹೆಸರನ್ನೂ ಬರೆದು ಹಾಯಾಗಿ ಮನೆಗೆ ಹೋಗಿರುತ್ತಾನೆ. ಈ ನಾಲ್ಕನ್ನೂ ತಾನಾಗಿ ಎಳೆದುಕೊಂಡು, ಸೋಸಿ, ಒಂದೇ ನಮೂನೆಗೆ ತಂದು, ದಾಂಡೇಲಿಯ ಗೋದಾಮಿನ ಕಂಪ್ಯೂಟರಿಗೆ ಮುಟ್ಟಿಸುವ ವ್ಯವಸ್ಥೆಯನ್ನು ಕಟ್ಟಿದವಳು ಶಿವಗಂಗಾ. ಕಟ್ಟಿದ್ದು ಆರು ತಿಂಗಳಲ್ಲಿ. ಅದನ್ನು ದಿನಾ ಕಾಯುತ್ತಿದ್ದುದು ಆರು ವರ್ಷದಿಂದ.

ದಾಂಡೇಲಿ ಗೋದಾಮಿನ ಕಂಪ್ಯೂಟರು ನೋಡಿಕೊಳ್ಳುವ ಸಾಗರನಿಗೆ ಅವಳು ಫೋನಿನಲ್ಲೇ ಪಾಠ ಮಾಡುತ್ತಿದ್ದಳು. ಪಾಠ ಅಂದರೆ ಬೈಗುಳ.

"ಕೇಳ ಇಲ್ಲೆ ಸಾಗರ, ಬಂದ ಫೈಲ್ ಬಂದಂಗ ಒಂದ ಕಡೆ ಇಟ್ಟಬಿಡಬೇಕು. ಅದಕ್ಕ ಕೈ ಹಚ್ಚಬಾರದು. ತಿದ್ದೂದೇನಿದ್ರೂ ನಕಲಿನ ಮ್ಯಾಲ ತಿದ್ದು. ನಾಳೆ ಯಾವನರ ಜಗಳಾ ತಗದ್ರ ಮೂಲ ತಗದು ಮುಖಕ್ಕ ಹಿಡೀಬೇಕು, ತಿಳೀತ?"

"ತಿಳೀತ್ರಿ ಅಕ್ಕಾರ."

"ಏನ್ ತಿಳೀತು ನಿನಗ, ಮಣ್ಣು! ಒಂದೊಂದು ಬಂಡಿಗೂ ಒಂದೊಂದು ನಂಬರ ಐತಿ. ಯಾವ ಅಂಗಳ, ಯಾವ ತಾರೀಖು, ಅವತ್ತಿನ ಎಷ್ಟನೇ ಬಂಡಿ. ಅದ ನಂಬರ ಎರಡನೇ ಸಲ ಬಂದ್ರ ಒಳಗ ಬಿಡಬಾರದು. ಆವಾಗ ಒಂದ ಫೈಲ್ ಹತ್ತ ಸಲ ಬಂದ್ರೂ ಚೀಲ ಹೆಚ್ಚಾಗೂದಿಲ್ಲ. ಮತ್ತ ದಿನಾ ಎಣಸಬೇಕು, ಒಳಗ ಎಷ್ಟ ಸಾಲು ಬಂದ್ವು, ಹೊರಗ ಎಷ್ಟ ಹೋದ್ವು ಅಂತ. ಒಂದ ಸಾಲು ಕಮ್ಮಿ ಬಿದ್ರೂ ಚಹಾ ಕುಡ್ಯಾಕ ಏಳಬಾರದು."

ಈ ಬುದ್ಧಿ ಅವಳಿಗೆ ಯಾವ ಶಾಲೆಯಲ್ಲೂ ಬಂದದ್ದಲ್ಲ. ಪೆಟ್ಟು ತಿಂದು ಬಂದದ್ದು, ಆ ಪೆಟ್ಟು ಕೊಟ್ಟವನು ಅಂದಾನೆಪ್ಪ.

ಶಿವಗಂಗಾ ಇಂದೂರಿನ ಮಗಳು. ಒಂಬತ್ತು ವರ್ಷದ ಹಿಂದೆ ಅಲ್ಲೇ ಅರ್ಜಿ ತುಂಬಿಕೊಡುವ ಆನ್‌ಲೈನ್ ಅಂಗಡಿ ಇಟ್ಟುಕೊಂಡಿದ್ದಳು. ಊರಿನಲ್ಲಿ ನಾಲ್ಕು ಜನರ ಮುಂದೆ ನಿಲ್ಲುವ ಚಟವಿದ್ದ ಅಂದಾನೆಪ್ಪ, ಹನ್ನೊಂದು ಮನೆಯವರ ಪಡಿತರ ಚೀಟಿಯ ಕಾಗದಗಳನ್ನು ತಾನೇ ಕೂಡಿಸಿ ತರುತ್ತೇನೆಂದು ಹೊಣೆ ಹೊತ್ತ. ತಂದದ್ದು ಕೊನೆಯ ದಿನ ಮುಗಿದು ಎರಡು ದಿನವಾದ ಮೇಲೆ. "ಹಾಕು ನೀನು, ಎಲ್ಲಾ ನಡೀತೈತಿ" ಎಂದ. ನಡೆಯಲಿಲ್ಲ. ಹನ್ನೊಂದು ಅರ್ಜಿಗಳೂ ವಾಪಸಾದವು. ಆಗ ಬಸವಣ್ಣನ ಗುಡಿ ಕಟ್ಟೆಯ ಮೇಲೆ ನಿಂತು, ಐವತ್ತು ಜನರೆದುರು ಅವನು ಹೇಳಿದ್ದೇನು ಗೊತ್ತೇ? "ಕಾಗದಾ ನಾನು ವಾರದ ಮೊದಲ ಕೊಟ್ಟೇನಿ. ಈಕಿ ಬುಡಕ ಹಾಕ್ಕೊಂಡು ಕುಂತಾಳ. ಯಾರ ಕಡಿಂದ ಏನ್ ತಿಂದಾಳೋ!" ಕಾಗದ ಯಾವತ್ತು ಕೈಗೆ ಬಂತು ಎಂದು ತೋರಿಸಲು ಅವಳ ಹತ್ತಿರ ಒಂದು ಚೂರು ಗುರುತೂ ಇರಲಿಲ್ಲ. ತಿಂಗಳೊಳಗೆ ಅಂಗಡಿಯ ಬಾಗಿಲು ಮುಚ್ಚಿತು. ಹಳಿಯಾಳದ ಬಸ್ಸು ಹತ್ತಿದವಳು ಅಪ್ಪ ತೀರಿಕೊಂಡಾಗ ಬಿಟ್ಟರೆ ಮತ್ತೆ ಊರಿನ ಕಡೆ ಮುಖ ಹಾಕಲಿಲ್ಲ.

ಅಂಥ ಅಂದಾನೆಪ್ಪನನ್ನು ಸಾಹುಕಾರರು ಈ ಅಕ್ಟೋಬರಿನಲ್ಲಿ ಇಂದೂರು ಅಂಗಳಕ್ಕೆ ಗುಮಾಸ್ತನಾಗಿ ತಂದರು. ಅವಳನ್ನು ಕೇಳಲಿಲ್ಲ. ಯಾಕೆ ಕೇಳಬೇಕು? ಹಳೆಯ ಗುಮಾಸ್ತ ಬಿಟ್ಟುಹೋಗಿದ್ದ, ಸುಗ್ಗಿ ಹತ್ತಿರ ಬಂದಿತ್ತು, ಅಂದಾನೆಪ್ಪನಿಗೆ ಕಂಪ್ಯೂಟರು ಅಷ್ಟಿಷ್ಟು ಬರುತ್ತಿತ್ತು. ಕೆಲಸ ಕಲಿಸುವ ಫೋನನ್ನು ಶಿವಗಂಗಾ ಮಾಡಲಿಲ್ಲ. "ಅಂವಗ ನೀನ ಹೇಳಿಕೊಡು" ಎಂದು ಸಾಗರನ ಮೇಲೆ ಹಾಕಿದಳು.

ಡಿಸೆಂಬರಿನ ಮೊದಲ ವಾರ ದಾಂಡೇಲಿಯಲ್ಲಿ ಸಾಗರ ಗೋದಾಮಿನ ಚೀಲ ಎಣಿಸಿದ. ಇಂದೂರಿನಿಂದ ಬಂದಿರಬೇಕಾದ ಚೀಲಗಳಲ್ಲಿ ನಾಲ್ಕು ನೂರಾ ಹದಿನೆಂಟು ಇರಲಿಲ್ಲ. ಕಂಪ್ಯೂಟರಿನಲ್ಲಿ ಇವೆ, ಗೋದಾಮಿನಲ್ಲಿ ಇಲ್ಲ. ಸಾಹುಕಾರರು ಜೀಪು ಹತ್ತಿ ನೇರ ಇಂದೂರಿಗೆ ಹೋದರು. ಅಂಗಳದಲ್ಲಿ, ಹಮಾಲರು ರೈತರು ಎಲ್ಲರ ಮುಂದೆ, ಅಂದಾನೆಪ್ಪನಿಗೆ "ಕಳ್ಳ" ಎಂದರು. ಶುಕ್ರವಾರದೊಳಗೆ ಚೀಲ ಎಲ್ಲಿ ಹೋದವೆಂದು ಹೇಳದಿದ್ದರೆ ಮುಂಡಗೋಡ ಪೊಲೀಸ್ ಠಾಣೆಗೆ ದೂರು ಕೊಡುತ್ತೇನೆಂದು ಹೇಳಿ ಬಂದರು.

ಈ ಸುದ್ದಿ ಮಂಗಳವಾರ ಕಿವಿಗೆ ಬಿದ್ದಾಗ ಶಿವಗಂಗಾಳ ಹೊಟ್ಟೆ ತಣ್ಣಗಾಯಿತು. ಸುಳ್ಳು ಯಾಕೆ ಹೇಳಬೇಕು, ಬಹಳ ಸಂತೋಷವಾಯಿತು ಅವಳಿಗೆ. ಅಂದು ಚಹಾದ ಜೊತೆ ಎರಡು ಮಿರ್ಚಿ ಭಜಿ ತರಿಸಿ ತಿಂದಳು. ಸಾಗರ ಫೋನು ಮಾಡಿ, "ಅಕ್ಕಾರ, ಅಂವ ಅಳಾಕತ್ತಿದ್ನಂತ್ರಿ" ಎಂದ.

"ಅಳಲಿ. ಅಳೂದು ಹೆಂಗಿರತೈತಿ ಅಂತ ಗೊತ್ತಾಗಲಿ," ಎಂದಳು.

ಬುಧವಾರ ಮಧ್ಯಾಹ್ನ ಅಂದಾನೆಪ್ಪನ ಹೆಂಡತಿ ನೀಲಕ್ಕ ಬಂದಳು. ಕೈಮುಗಿಯಲಿಕ್ಕೆ ಬಂದಿದ್ದಾಳೆ ಎಂದುಕೊಂಡರೆ ಅದು ಶಿವಗಂಗಾಳ ಭ್ರಮೆ. ನೀಲಕ್ಕ ಹೊಸ್ತಿಲಲ್ಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತು ಇಡೀ ಕಾರ್ಖಾನೆಗೆ ಕೇಳುವಂತೆ ಕೂಗಿದಳು.

"ಗಂಗಾ, ಇದು ನೀನ ಮಾಡೀದಿ! ಹಳೇ ಸಿಟ್ಟು ಇಟಗೊಂಡು ಕಂಪ್ಯೂಟರದಾಗ ಕುಂತಲ್ಲೆ ಚೀಲ ಹುಟ್ಟಿಸೀದಿ. ನನ್ನ ಗಂಡ ಬಾಯಿ ಹರಕ ಇರಬೌದು, ಕಳ್ಳ ಅಲ್ಲ!"

"ನನ್ನ ಕೋಣ್ಯಾಗ ನಿಂತು ನನಗ ಸುಳ್ಳ ಬರದಿ ಅಂತೀ ಏನ? ಆರು ವರ್ಷದಾಗ ಒಂದ ಸಾಲು ತಪ್ಪಿಲ್ಲ ನಂದು!"

"ಹಂಗಾರ ತೋರ್ಸು."

"ತೋರಸ್ತೇನಿ. ನಾಳೆ ಬಾ. ಒಂದೊಂದ ಬಂಡಿ ತೋರಸ್ತೇನಿ, ಆಮ್ಯಾಲ ನಿನ್ನ ಗಂಡನ್ನ ನೀನ ಕೈ ಹಿಡದು ಠಾಣೆಕ್ಕ ಕರಕೊಂಡ ಹೋಗ್ತೀ."

ನೀಲಕ್ಕ ಹೋದ ಮೇಲೆ ಶಿವಗಂಗಾ ಬಾಗಿಲು ಹಾಕಿಕೊಂಡು ಕುಳಿತಳು. ಮೊದಲು ದಾಂಡೇಲಿಗೆ ಹೋದ ಪಟ್ಟಿ ತೆಗೆದಳು. ಕಣ್ಣಿಗೆ ಬೇಗನೇ ಬಿತ್ತು. ನವೆಂಬರಿನ ಒಂದು ಭಾನುವಾರ ಇಂದೂರಿಗೆ ಎಂಟು ಬಂಡಿ ಬಂದಿದ್ದವು. ಮರುದಿನ ಸೋಮವಾರವೂ ಎಂಟು. ಅದೇ ರೈತರು, ಅದೇ ಸಾಲು, ಕಾಲು ಕಿಲೋ ಕೂಡ ಹೆಚ್ಚುಕಡಿಮೆ ಇಲ್ಲದ ಅದೇ ತೂಕ. "ಆಹಾ, ಕಳ್ಳ ಸೂಳೆಮಗನೇ, ನಕಲು ಮಾಡೀಯಾ!" ಎಂದು ಒಬ್ಬಳೇ ನಕ್ಕಳು. ಹಿಂದಿನ ಸೋಮವಾರ ನೋಡಿದಳು. ಅದೂ ಹಾಗೆಯೇ. ಅದರ ಹಿಂದಿನದೂ. ಒಟ್ಟು ಏಳು ಸೋಮವಾರ. ಏಳೂ ಸೋಮವಾರದ ಚೀಲ ಕೂಡಿಸಿದಾಗ ಬಂದದ್ದು ನಾಲ್ಕು ನೂರಾ ಹದಿನೆಂಟು.

ಇನ್ನು ಅವನು ಕಳಿಸಿದ ಮೂಲ ಫೈಲು ತೆಗೆದು ನೀಲಕ್ಕನ ಮುಖಕ್ಕೆ ಹಿಡಿಯುವುದೊಂದೇ ಬಾಕಿ. ಬಂದದ್ದನ್ನು ಬಂದ ಹಾಗೆ ಇಡುವ, ಕಂಪ್ಯೂಟರಿನೊಳಗಿನ ಪೆಟ್ಟಿಗೆ ತೆರೆದಳು. ಭಾನುವಾರದ ಫೈಲು ಇತ್ತು. ಸೋಮವಾರದ ಜಾಗದಲ್ಲಿ ಏನೂ ಇರಲಿಲ್ಲ. ಏಳು ಸೋಮವಾರಗಳಲ್ಲಿ ಒಂದರದ್ದೂ ಇರಲಿಲ್ಲ. ಅಂದಾನೆಪ್ಪ ಸೋಮವಾರ ಫೈಲನ್ನೇ ಕಳಿಸಿರಲಿಲ್ಲ.

ಶಿವಗಂಗಾ ಗೋಡೆಯ ಕ್ಯಾಲೆಂಡರಿನಲ್ಲಿ ಆ ಏಳು ಸೋಮವಾರಗಳನ್ನು ಬೆರಳಿಟ್ಟು ನೋಡಿದಳು.

ಸೋಮವಾರ ಇಂದೂರಿನಲ್ಲಿ ಯಾರೂ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ದಿನ. ಎತ್ತಿನ ಮೈತೊಳೆದು, ಹಣೆಗೆ ವಿಭೂತಿ ಹಚ್ಚಿ, ಮೇಯಲು ಬಿಡುತ್ತಾರೆ. ಉಳಿದ ಅಂಗಳಗಳಿಗೆ ಟ್ರ್ಯಾಕ್ಟರು ಬರುತ್ತವೆ, ಇಂದೂರಿಗೆ ಬರುವುದು ಸುತ್ತಲಿನ ಹೊಲದ ಚಕ್ಕಡಿ ಮಾತ್ರ. ಹಾಗಾಗಿ ಸೋಮವಾರ ಅಲ್ಲಿಗೆ ಒಂದು ಚೀಲವೂ ಬರುವುದಿಲ್ಲ. ಊರಿನ ಮಗಳಿಗೆ ಇದು ಗೊತ್ತಿರಲಿಲ್ಲವೇ? ಅವಳ ಅಪ್ಪ ಸಾಯುವವರೆಗೂ ಸೋಮವಾರ ನೊಗ ಮುಟ್ಟಿದವನಲ್ಲ. ಹಳೆಯ ಗುಮಾಸ್ತ ಸೋಮವಾರವೂ ಬಂದು ಯಂತ್ರ ಹಚ್ಚಿ ಸೊನ್ನೆ ಬಂಡಿಯೆಂಬ ಖಾಲಿ ಫೈಲು ಕಳಿಸುತ್ತಿದ್ದ. ಅಂದಾನೆಪ್ಪ ಭಕ್ತ. ಎತ್ತಿಗೆ ಬಿಡುವು ಕೊಟ್ಟ ದಿನ ಕಾಟಾಕ್ಕೂ ಬಿಡುವು ಎಂದು ಅದನ್ನು ತೊಳೆದು, ವಿಭೂತಿ ಬಳಿದು, ಹೂವಿಟ್ಟು ಮನೆಗೆ ಹೋಗುತ್ತಿದ್ದ. ಅಂಗಳ ಖಾಲಿಯಿದೆ ಎಂದು ತಿಳಿಸುವುದು ಬೇರೆ, ಏನೂ ತಿಳಿಸದಿರುವುದು ಬೇರೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ಫೋನನ್ನೇ ಮಾಡಿರಲಿಲ್ಲ.

ಹಾಗಾದರೆ ಸೋಮವಾರದ ಬಂಡಿಗಳನ್ನು ಹುಟ್ಟಿಸಿದವರು ಯಾರು? ಅವಳೇ. ಮೂರು ವರ್ಷದ ಹಿಂದೆ ಮಳೆಗೆ ಜೋಯಿಡಾದ ಇಂಟರ್ನೆಟ್ಟು ಮೂರು ದಿನ ಹೋಗಿದ್ದಾಗ, ನಾಳೆಗೆ ಎಷ್ಟು ಲಾರಿ ಕಳಿಸಬೇಕೆಂದು ಗೊತ್ತಾಗದೆ ಸಾಹುಕಾರರು ಕುಣಿದಾಡಿದ್ದರು. ಆಗ ಅವಳು ಒಂದು ನಿಯಮ ಸೇರಿಸಿದಳು: ಯಾವುದಾದರೂ ಅಂಗಳದ ಫೈಲು ಬಾರದಿದ್ದರೆ, ಹಿಂದಿನ ದಿನದ್ದನ್ನೇ ತೆಗೆದು ಇಂದಿನ ತಾರೀಖು ಹಾಕಿ ಮುಂದೆ ಬಿಡು. ಲಾರಿಯ ಅಂದಾಜಿಗೆ ಮಾತ್ರ. ತಾರೀಖು ಬದಲಾದದ್ದರಿಂದ ಬಂಡಿಯ ನಂಬರೂ ಹೊಸದಾಯಿತು. ಒಂದೇ ನಂಬರು ಎರಡು ಸಲ ಬಂದರೆ ತಡೆಯುವ ಅವಳದೇ ಕಾವಲು ಅದನ್ನು ತಡೆಯಲಿಲ್ಲ. ಹೀಗೆ ತುಂಬಿದ ಸಾಲುಗಳನ್ನೂ ಒಳಬಂದವೆಂದೇ ಎಣಿಸಿದ್ದರಿಂದ ದಿನದ ಲೆಕ್ಕವೂ ಸರಿಹೋಯಿತು.

ಸಾಗರನಿಗೆ ಫೋನು ಹಚ್ಚಿದಳು. "ಗೋದಾಮಿನ ಪಟ್ಟಿಗೆ ಚೀಲ ಎಲ್ಲಿಂದ ತಗೋತೀ?"

"ನಿಮ್ಮ ಲಾರಿ ಪಟ್ಟಿಯಿಂದನ ರೀ. ಹೋದ ವರ್ಷನ ಜೋಡಿಸೇನಲ್ರಿ."

"ಅದು ಅಂದಾಜಿಂದೋ ಕತ್ತೆ! ಯಾರನ್ನ ಕೇಳಿ ಜೋಡಿಸಿದಿ?"

"ಕೇಳಿದ್ರ ನೀವು ಬೈತೀರಿ ಅಂತ ಕೇಳಲಿಲ್ರಿ ಅಕ್ಕಾರ."

ಅವಳು ಫೋನಿಟ್ಟಳು. ಇನ್ನೂ ಒಂದು ಗಂಟು ಉಳಿದಿತ್ತು. ಫೈಲು ಬಾರದ ದಿನ ಅವಳ ಫೋನಿಗೆ ಸೂಚನೆ ಬರಬೇಕು, ಅಂಗಳದ ಹೆಸರು, ಗುಮಾಸ್ತನ ಹೆಸರಿನ ಸಮೇತ. ಏಳು ವಾರ ಯಾಕೆ ಬರಲಿಲ್ಲ? ದಾಖಲೆ ತೆಗೆದು ನೋಡಿದಳು. ಇಂದೂರಿನ ಸೂಚನೆಯನ್ನು ಅಕ್ಟೋಬರಿನ ಒಂದು ಸೋಮವಾರವೇ ಬಂದ್ ಮಾಡಲಾಗಿತ್ತು. ಬಂದ್ ಮಾಡಿದವರ ಹೆಸರು ಶಿವಗಂಗಾ.

ನೆನಪಾಯಿತು. ಊಟಕ್ಕೆ ಕುಳಿತಿದ್ದಾಗ ಫೋನು ಗುಂಯ್‌ಗುಟ್ಟಿ ಅದರ ಮೇಲೆ "ಅಂದಾನೆಪ್ಪ" ಎಂದು ಮೂಡಿತ್ತು. ತುತ್ತು ಕಹಿಯಾಗಿತ್ತು. ಇವನ ಹೆಸರು ನನ್ನ ಫೋನಿನಲ್ಲಿ ಯಾಕೆ ಎಂದು ಎಡಗೈಯಲ್ಲೇ ಆ ಸೂಚನೆಯ ಬಾಯಿ ಮುಚ್ಚಿದ್ದಳು.

ಈಗ ಏನು ಮಾಡುವುದು? ಮೂಲ ಫೈಲಿನ ಪೆಟ್ಟಿಗೆ ತೆರೆಯುವ ಕೀಲಿ ಅವಳೊಬ್ಬಳ ಹತ್ತಿರ ಇತ್ತು. ಅವಳು ಬಾಯಿ ಬಿಡದಿದ್ದರೆ ಶುಕ್ರವಾರ ಅಂದಾನೆಪ್ಪ ಠಾಣೆಯಲ್ಲಿ ಕೂರುತ್ತಾನೆ. ಕೂರಲಿ! ಅವಳು ಊರು ಬಿಟ್ಟಳಲ್ಲ, ಅವನೂ ಬಿಡಲಿ. ಒಂದು ಗಂಟೆ ಹೀಗೇ ಕುಳಿತಳು. ಅವನ ಮೇಲಿನ ಸಿಟ್ಟು ಕೂದಲೆಳೆಯಷ್ಟೂ ಇಳಿಯಲಿಲ್ಲ. ಆದರೆ ಪರದೆಯ ಮೇಲೆ ಇದ್ದದ್ದು ತಪ್ಪು ಪಟ್ಟಿ, ಅದನ್ನು ಕಟ್ಟಿದವಳು ತಾನು. ಅದನ್ನು ನೋಡಿಕೊಂಡು ಮನೆಗೆ ಹೋಗಿ ಅನ್ನ ತಿನ್ನಲು ಅವಳಿಂದ ಆಗುತ್ತಿರಲಿಲ್ಲ. ಅವನನ್ನು ಉಳಿಸಲಿಕ್ಕೆಂದು ಅವಳು ಎದ್ದಳು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಗುರುವಾರ ಬೆಳಿಗ್ಗೆ ಸಾಹುಕಾರರ ಮುಂದೆ ಎಲ್ಲವನ್ನೂ ಹರವಿದಳು. ಅವರು ಕನ್ನಡಕ ಹಾಕಿ ಒಂದೊಂದು ಸೋಮವಾರವನ್ನೂ ನೋಡಿದರು.

"ಸೂಚನಾ ಯಾಕ ಬಂದ್ ಮಾಡಿದಿ?"

"ಅಂವನ ಹೆಸರ ನೋಡಾಕ ಮನಸಿರಲಿಲ್ರಿ."

"ಎಲ್ಲಾರಿಗೂ ಬೈಯಾಕ ಬಾಯಿ ಐತಿ ನಿನಗ. ಒಂದ ಫೋನ್ ಮಾಡಾಕ ಬಾಯಿ ಇರಲಿಲ್ಲೇನು?" ಸಾಹುಕಾರರ ಮುಖ ಕೆಂಪಾಗಿತ್ತು. "ನಿನ್ನ ಪಟ್ಟಿ ನಂಬಿ ನಾನು ಹತ್ತ ಮಂದ್ಯಾಗ ಅವಗ ಕಳ್ಳ ಅಂದ ಬಂದೆ. ಕೆಲಸದಿಂದ ತಗೀತಿದ್ದೆ ನಿನ್ನ. ಈ ಗೋಜಲು ಬಿಡಸಾಕ ನನಗ ಬ್ಯಾರೆ ಯಾರೂ ಇಲ್ಲ, ಅದಕ್ಕ ಬಿಟ್ಟೇನಿ. ಇಂದೂರಿಗೆ ನಡಿ. ನಾ ಅಂದ ಜಾಗಾದಾಗ ನಿಂತು ನೀನ ಹೇಳು."

"ಇಲ್ಲೆ ಕರಸ್ರಿ ಅವನ್ನ, ಹೇಳ್ತೇನಿ."

"ಅಂವ ಕಳ್ಳ ಆಗಿದ್ದು ಇಲ್ಲೆ ಅಲ್ಲ."

ಅಪ್ಪ ತೀರಿಕೊಂಡಾಗ ಬಂದುಹೋದದ್ದು ಬಿಟ್ಟರೆ, ಒಂಬತ್ತು ವರ್ಷದ ಮೇಲೆ ಶಿವಗಂಗಾ ಇಂದೂರಿನಲ್ಲಿ ಜೀಪಿನಿಂದ ಇಳಿದಳು. ಅಂಗಳದ ತುಂಬ ಚಕ್ಕಡಿ, ಚೀಲದ ಮೇಲೆ ಕುಳಿತ ರೈತರು, ಹಮಾಲರು. ಅಂದಾನೆಪ್ಪ ಕಾಟಾದ ಹತ್ತಿರ ನಿಂತಿದ್ದ. ಎರಡು ದಿನದಲ್ಲಿ ಮುಖ ಇಳಿದುಹೋಗಿತ್ತು. ಅವಳನ್ನು ಕಂಡು ಮುಖ ತಿರುಗಿಸಿದ. ನೀಲಕ್ಕ ಗಂಡನ ಬೆನ್ನ ಹಿಂದೆ ಕೈಕಟ್ಟಿ ನಿಂತಳು.

ಶಿವಗಂಗಾ ಸುತ್ತುಬಳಸಲಿಲ್ಲ. "ಸೋಮವಾರ ಬಂಡಿ ಬಂದಿಲ್ಲ. ಬಂದಾವ ಅಂತ ಬರಕೊಂಡದ್ದು ನನ್ನ ಕಂಪ್ಯೂಟರ. ಆ ನಿಯಮ ಹಾಕಿದಾಕಿ ನಾನು, ತಪ್ಪು ನಂದು. ಅಂದಾನೆಪ್ಪ ಒಂದ ಚೀಲಾನೂ ಮುಟ್ಟಿಲ್ಲ," ಎಂದಳು.

ಚೀಲದ ಬಾಯಿ ಹೊಲಿಯುತ್ತಿದ್ದ ಮುದುಕಿ ಕಾಶೆವ್ವ ಸೂಜಿ ಬಿಟ್ಟು ತಲೆ ಎತ್ತಿದಳು. ಪಡಿತರ ಚೀಟಿ ಸಿಗದ ಆ ಹನ್ನೊಂದು ಮನೆಗಳಲ್ಲಿ ಅವಳದೂ ಒಂದು.

"ಅವಾಗೂ ಈಕೀನ, ಇವಾಗೂ ಈಕೀನ," ಎಂದಳು. "ನಮ್ಮ ಕಾರ್ಡ ತಿಂದಾಕಿ. ಈಗ ಬಾಯಿ ಬಿಟ್ಟಾಳ ನೋಡ್ರಿ."

"ಹೌದಲ್ಲ! ಅವಾಗ ಒಪ್ಪಕೊಂಡಿರಲಿಲ್ಲ," ಎಂದ ಇನ್ನೊಬ್ಬ. ಹಮಾಲನೊಬ್ಬ ಉಗುಳಿದ. ಮಾತು ಚಕ್ಕಡಿಯಿಂದ ಚಕ್ಕಡಿಗೆ ಹೋಯಿತು. ಐದು ನಿಮಿಷದಲ್ಲಿ ನಾಲ್ಕು ನೂರು ಚೀಲದ ಸುದ್ದಿ ಮುಗಿದುಹೋಗಿ ಹನ್ನೊಂದು ಮನೆಯ ಸುದ್ದಿ ಎದ್ದು ಕುಳಿತಿತ್ತು.

"ಅದು ನಾ ಮಾಡಿದ್ದಲ್ಲ!" ಶಿವಗಂಗಾ ಕಿರುಚಿದಳು. ಯಾರು ಕೇಳುತ್ತಾರೆ? ತಪ್ಪು ನಂದು ಎಂದು ಈಗಷ್ಟೇ ಅವಳ ಬಾಯಿಂದಲೇ ಎಲ್ಲರೂ ಕೇಳಿದ್ದರು. ಅವಳು ಅಂದಾನೆಪ್ಪನ ಕಡೆ ತಿರುಗಿದಳು. ಕಾಗದ ಯಾವತ್ತು ತಂದ ಎಂದು ಅವನಿಗೆ ಗೊತ್ತಿತ್ತು. ಅವನೂ ಅವಳನ್ನೇ ನೋಡುತ್ತಿದ್ದ. ಬಾಯಿ ತೆರೆದ. ಆಮೇಲೆ ಸುತ್ತಲಿನ ಜನರನ್ನು ನೋಡಿದ. ಆಗತಾನೇ ಕಳ್ಳನ ಹೆಸರು ಕಳೆದುಕೊಂಡವನಿಗೆ ಸುಳ್ಳನ ಹೆಸರು ಹೊತ್ತುಕೊಳ್ಳುವ ಧೈರ್ಯ ಬರಲಿಲ್ಲ.

"ಯಾರದ ಬಂಡಿ ಮುಂದಿಂದು? ತರ್ರಿ, ತೂಗೂಣು," ಎಂದು ಕಾಟಾದ ಕಡೆ ನಡೆದ.

ವಾಪಸು ದಾರಿಯಲ್ಲಿ ಸಾಹುಕಾರರು ಚಹಾಕ್ಕೆ ಜೀಪು ನಿಲ್ಲಿಸಿದರೂ ಶಿವಗಂಗಾ ಇಳಿಯಲಿಲ್ಲ. ಕಾರ್ಖಾನೆ ಮುಟ್ಟಿದವಳೇ ತನ್ನ ಕೋಣೆಗೆ ಹೋಗಿ ಹಿಂದಿನ ದಿನದ ಫೈಲು ತುಂಬುವ ಆ ನಿಯಮವನ್ನು ಕಿತ್ತುಹಾಕಿದಳು. ಫೈಲು ಬಾರದಿದ್ದರೆ ಆ ಅಂಗಳದ ಸಾಲು ಖಾಲಿಯಾಗಿಯೇ ನಿಲ್ಲಬೇಕು. ಒಬ್ಬ ಮನುಷ್ಯ ಗುಮಾಸ್ತನಿಗೆ ಫೋನು ಮಾಡಿ ಕೇಳಿ ತುಂಬಬೇಕು. ಆ ಮನುಷ್ಯ ಅವಳೇ ಎಂದು ಅವಳಿಗೆ ಗೊತ್ತಿತ್ತು. ಗೋದಾಮಿನ ಪಟ್ಟಿಗೆ ಬೇರೆ ದಾರಿ ಮಾಡಿದಳು. ಇಂದೂರಿನ ಸೂಚನೆಯನ್ನು ಮತ್ತೆ ತೆರೆದಳು. ಅಷ್ಟೆಲ್ಲ ಮಾಡುವಾಗ ಕಣ್ಣೀರು ಕೀಲಿಮಣೆಯ ಮೇಲೆ ಬೀಳುತ್ತಿತ್ತು. ದುಃಖದ್ದಲ್ಲ, ಬರೀ ಸಿಟ್ಟಿನದು.

ಸೋಮವಾರ ಸಂಜೆ ಫೋನು ಗುಂಯ್‌ಗುಟ್ಟಿತು. ಇಂದೂರಿನ ಫೈಲು ಬಂದಿಲ್ಲ, ಗುಮಾಸ್ತ ಅಂದಾನೆಪ್ಪ. ಅವಳು ಹಲ್ಲು ಕಚ್ಚಿ ನಂಬರು ಒತ್ತಿದಳು. ಅವನು ಮೊದಲ ರಿಂಗಿಗೇ ಎತ್ತಿದ.

"ಬಂಡಿ ಎಷ್ಟು?" ಎಂದಳು.

"ಒಂದೂ ಇಲ್ಲ."

"ಸರಿ."

"ಗಂಗಾ," ಎಂದ ಅವನು. ಆ ಕಡೆ ಎಲ್ಲೋ ಎತ್ತಿನ ಕೊರಳ ಗಂಟೆ ಕೇಳುತ್ತಿತ್ತು. "ಆ ಕಾಗದಾ ನಾನ ತಡಾ ಮಾಡಿ ತಂದಿದ್ದೆ. ನನಗ ನೆನಪೈತಿ."

ಒಂಬತ್ತು ವರ್ಷ ಅವಳು ಈ ಒಂದು ಮಾತಿಗಾಗಿ ಕಾದಿದ್ದಳು. ಅದನ್ನು ಕೇಳಲು ಕೋಣೆಯಲ್ಲಿ ಅವಳನ್ನು ಬಿಟ್ಟರೆ ಯಾರೂ ಇರಲಿಲ್ಲ.

"ನನಗ ಯಾಕ ಹೇಳ್ತೀ? ನನಗ ಗೊತ್ತೈತಿ. ಕಾಶೆವ್ವಗ ಹೇಳು. ಕಟ್ಟಿ ಮ್ಯಾಲ ನಿಂತು ಹೇಳು."

ಅವನು ಫೋನು ಇಟ್ಟುಬಿಟ್ಟ. ಶಿವಗಂಗಾ ಅವನನ್ನು ಬಾಯಿಗೆ ಬಂದಂತೆ ಬೈದು, ಕಣ್ಣೊರೆಸಿಕೊಂಡು, ಇಂದೂರಿನ ಸಾಲಿನಲ್ಲಿ ಸೊನ್ನೆ ಬರೆದಳು.